ಹಾಸಿಗೆಯಜ್ಜಿಯ ಹಳೆಯ ಅರಳೆ

ಮಗು ಕೆಮ್ಮಿತು ಅಂತ ಯಾವ ಮನೆಯಲ್ಲೂ ಯಾರೂ ಎದ್ದುಬಿದ್ದು ಓಡುವುದಿಲ್ಲ. ನೆಗಡಿ ಇರಬೇಕು, ತಣ್ಣೀರು ಕುಡಿದಿರಬೇಕು, ಎರಡು ದಿನದಲ್ಲಿ ಹೋಗುತ್ತದೆ ಅನ್ನುತ್ತಾರೆ. ಹಾಸಿಗೆಯಜ್ಜಿಯೂ ಹಾಗೇ ಅನ್ನುತ್ತಾ ಬಂದಿದ್ದಳು. ಆದರೆ ಅವಳ ಮೊಮ್ಮಗಳ ಕೆಮ್ಮು ಎರಡು ದಿನದ ಗಿರಾಕಿಯಾಗಿರಲಿಲ್ಲ. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಬರುತ್ತಿತ್ತು. ಓಡಿದರೆ ಬರುತ್ತಿತ್ತು. ಹೊಟ್ಟೆ ಹುಣ್ಣಾಗುವಷ್ಟು ನಕ್ಕರೂ ಬರುತ್ತಿತ್ತು. ಕೆಮ್ಮು ನಿಂತ ಮೇಲೂ ಎದೆಯೊಳಗೆ ಯಾರೋ ದೂರದಲ್ಲಿ ಸಿಳ್ಳೆ ಹಾಕಿದಂಥ ಸದ್ದು ಉಳಿಯುತ್ತಿತ್ತು.

ಆ ಸಿಳ್ಳೆ ಕೇಳಿದಾಗಲೆಲ್ಲ ಅಜ್ಜಿಯ ಕೈಕಾಲು ತಣ್ಣಗಾಗುತ್ತಿದ್ದವು. ಯಾಕೆ ಅಂತ ಅವಳು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ನಲವತ್ತು ವರ್ಷ ಹಾಸಿಗೆ ಅಂಗಡಿಯಲ್ಲಿ ಅರಳೆ ಹಿಂಜಿ, ತುಂಬಿ, ಹೊಲಿದ ಕೈ ಅವಳದು. ಅಂಗಡಿ ಬಿಟ್ಟ ಮೇಲೂ ಕೈ ಸುಮ್ಮನಿರಲಿಲ್ಲ. ಅಕ್ಕಪಕ್ಕದವರ ಗಂಟುಗಟ್ಟಿದ ದಿಂಬುಗಳನ್ನು ಬಿಚ್ಚಿ, ಒಳಗಿನ ಅರಳೆಯನ್ನು ಬೆರಳಲ್ಲಿ ಬಿಡಿಸಿ, ಮತ್ತೆ ತುಂಬಿ ಕೊಡುತ್ತಿದ್ದಳು. ಅದಕ್ಕೇ ಬೀದಿಗೆಲ್ಲ ಅವಳು ಹಾಸಿಗೆಯಜ್ಜಿ. ಮನೆ ಎರಡನೇ ಮಹಡಿಯಲ್ಲಿ, ಎರಡೇ ಕೋಣೆ. ಮುಂದಿನ ಕೋಣೆಯಲ್ಲಿ ಅಡುಗೆ, ಮಗ ಸೊಸೆಯ ಮಂಚ. ಹಿಂದಿನ ಕೋಣೆಯಲ್ಲಿ ಅಜ್ಜಿಯ ಮಂಚ, ಒಂದು ಕಬ್ಬಿಣದ ಬೀರು, ಮಂಚದ ಕೆಳಗೆ ನಾಲ್ಕು ಮೂಟೆ ಹಳೆಯ ಅರಳೆ. ಆ ಮಂಚದ ಮೇಲೇ, ಅಜ್ಜಿಯ ಪಕ್ಕೆಗೆ ಅಂಟಿಕೊಂಡು, ಮೊಮ್ಮಗಳು ಮಲಗುತ್ತಿದ್ದಳು.

ಮೊಮ್ಮಗಳಿಗೆ ಏಳು ವರ್ಷ. ಎದ್ದಾಗಿನಿಂದ ಮಲಗುವವರೆಗೆ ಮಾತು, ಮಾತು, ಮಾತು. ಅದಕ್ಕೆ ಅವಳಪ್ಪ ಇಟ್ಟ ಅಡ್ಡಹೆಸರು ರೇಡಿಯೊ. ಅಪ್ಪ ಬಸ್ಸಿನ ಚಾಲಕ. ಅಮ್ಮ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸಕ್ಕೆ ಹೋಗುತ್ತಿದ್ದಳು, ಬೆಳಗ್ಗೆ ಐದೂವರೆಗೆ ಮನೆ ಬಿಟ್ಟರೆ ಸಂಜೆಯೇ ವಾಪಸ್ಸು. ಹಗಲೆಲ್ಲ ಮಗು ಅಜ್ಜಿಯ ಕೈಯಲ್ಲಿ.

ಶಾಲೆಯಲ್ಲಿ ಓಡುವಾಗ ರೇಡಿಯೊ ಅರ್ಧಕ್ಕೇ ಕುಸಿದು ಕೂತ ದಿನ ಸೊಸೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಎದೆ ಬೆನ್ನು ಎಲ್ಲ ಪರೀಕ್ಷಿಸಿ, ಕೊಳವೆಯೊಳಗೆ ಊದಿಸಿ, ಅಸ್ತಮಾ ಅಂದರು. ಎರಡು ಇನ್‌ಹೇಲರ್ ಕೊಟ್ಟರು. ಕಂದು ಬಣ್ಣದ್ದು ದಿನಾ ಬೆಳಗ್ಗೆ, ಸಂಜೆ. ನೀಲಿಯದು ಉಸಿರು ಕಟ್ಟಿದಾಗ ಮಾತ್ರ. ಬಾಯಿಗೆ ಹಿಡಿದು ಉಸಿರಾಡಲು ಒಂದು ಪ್ಲಾಸ್ಟಿಕ್ ಕೊಳವೆಯನ್ನೂ ಕೊಟ್ಟರು. ಅಲರ್ಜಿ ಪರೀಕ್ಷೆಗೆ ಇನ್ನೊಂದು ದಿನ ಬರಲು ಹೇಳಿದರು.

ಸೊಸೆ ಮನೆಗೆ ಬಂದು ಆ ಮಾತು ಹೇಳಿದಾಗ ಅಜ್ಜಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಆ ಹೆಸರು ಎತ್ತಬೇಡ ಈ ಮನೇಲಿ! ಮಗೂಗೆ ಕಫ ಕಟ್ಟಿದೆ ಅಷ್ಟೆ."

"ಕಫ ಅಲ್ಲ ಅತ್ತೆ. ಡಾಕ್ಟ್ರೇ ಹೇಳಿದ್ರಲ್ಲ."

"ಡಾಕ್ಟ್ರು ನೂರು ಹೇಳ್ತಾರೆ. ಆ ಪಂಪು ಒಂದ್ಸಲ ಬಾಯಿಗೆ ಹತ್ತಿದ್ರೆ ಮುಗೀತು, ಜೀವನಪೂರ್ತಿ ಬಿಡಲ್ಲವಂತೆ. ಕೆಳಮನೆಯಾಕೆ ಹೇಳಿದ್ಲು."

"ಕೆಳಮನೆಯಾಕೆ ಎಲ್ಲಿ ಓದಿದ್ದಾರೆ ಡಾಕ್ಟ್ರಿಕೆ?" ಅಂತ ಸೊಸೆ ನಕ್ಕಳು. ಬಾಗಿಲ ಪಕ್ಕದ ಮೊಳೆಗೆ ಒಂದು ಬಟ್ಟೆಯ ಚೀಲ ನೇತುಹಾಕಿ ಎಲ್ಲವನ್ನೂ ಅದರಲ್ಲಿಟ್ಟಳು. "ನಾನು ಬೆಳಗ್ಗೆ ಇರಲ್ಲ ಅತ್ತೆ, ಸಂಜೆ ಬರೋದೂ ತಡ. ಎರಡೂ ಹೊತ್ತು ನೀವೇ ಕೊಡಬೇಕು. ಮರೀಬೇಡಿ."

ಒಂದು ತಿಂಗಳು ಅಜ್ಜಿ ಕೊಟ್ಟಳು, ಮನಸ್ಸಿಲ್ಲದ ಮನಸ್ಸಿನಿಂದ. ಮಗುವಿನ ಕೆಮ್ಮು ಇಳಿಯಿತು, ಸಿಳ್ಳೆ ನಿಂತಿತು. ಎಡವಟ್ಟಾಗಿದ್ದು ಅಲ್ಲೇ. ಮಗು ಚೆನ್ನಾಗಿದ್ದಾಳಲ್ಲ, ಇನ್ನು ಯಾಕೆ ಈ ಹಾಳು ಪಂಪು ಅಂತ ಅಜ್ಜಿಗೆ ಅನ್ನಿಸಿತು. ಒಂದು ದಿನ ಬಿಟ್ಟಳು, ಏನೂ ಆಗಲಿಲ್ಲ. ಎರಡು ದಿನ ಬಿಟ್ಟಳು, ಆಗಲೂ ಏನೂ ಆಗಲಿಲ್ಲ. ಮಗು ತಾನಾಗಿ ತೆಗೆದುಕೊಂಡಾಳು ಅಂತ ನೀಲಿ ಪಂಪನ್ನು ಚೀಲದಿಂದ ತೆಗೆದು, ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ, ಬೀರುವಿನ ನೆತ್ತಿಯ ಮೇಲೆ ಹಿಂದಕ್ಕೆ ತಳ್ಳಿ ಇಟ್ಟಳು.

ಸಂಜೆ ಸೊಸೆ ಬಂದು, "ಎರಡೂ ಹೊತ್ತು ಕೊಟ್ರಾ ಅತ್ತೆ?" ಅಂತ ಕೇಳಿದರೆ, "ಹೂಂ, ಆಯ್ತಲ್ಲ" ಅನ್ನುತ್ತಿದ್ದಳು. ಪಂಪಿನ ಕಾಟ ತಪ್ಪಿತಲ್ಲ ಅಂತ ರೇಡಿಯೊ ಕೂಡ ಅಮ್ಮನ ಹತ್ತಿರ ಆ ಮಾತು ಎತ್ತಲಿಲ್ಲ. ಹಾಗೆ ಇಪ್ಪತ್ತೆರಡು ದಿನ ಕಳೆಯಿತು.

ಇಪ್ಪತ್ತಮೂರನೇ ದಿನ ಬೆಳಗಿನಿಂದ ಜಡಿಮಳೆ. ಶಾಲೆಗೆ ರಜ. ಪಕ್ಕದ ಬೀದಿಯ ವಸತಿಗೃಹದವರು ಹನ್ನೆರಡು ಹಳೆಯ ದಿಂಬು ತಂದು ಹಾಕಿ ಹೋಗಿದ್ದರು. ಇರಚಲು ಹೊಡೆಯುತ್ತದೆ ಅಂತ ಅಜ್ಜಿ ಕಿಟಕಿ ಮುಚ್ಚಿ, ಚಿಲಕ ಹಾಕಿ, ಹಿಂದಿನ ಕೋಣೆಯ ನೆಲದ ಮೇಲೆ ದಿಂಬು ಬಿಚ್ಚಿ ಹರಡಿಕೊಂಡಳು. ಬಚ್ಚಲಲ್ಲಿ ಪ್ಲಂಬರ್ ಒಬ್ಬ ನಲ್ಲಿಯ ಪೈಪು ಕುಟ್ಟುತ್ತಿದ್ದ. ಕೆಳಮನೆಯ ಸೂರಿನಿಂದ ನೀರು ಸೋರುತ್ತಿದೆ ಅಂತ ಮನೆಯ ಮಾಲೀಕರು ಕಳಿಸಿದ್ದ ಆಳು. ಆನೆಯಂಥ ದೇಹ.

"ಅಣ್ಣಾ, ಒಳಗೆ ಹೋಗಿದ್ದೀಯ, ಸರಿ. ಆಚೆ ಬರೋಕೆ ಬಾಗಿಲು ಒಡೀಬೇಕಾಗುತ್ತೋ ಏನೋ" ಅಂತ ಅಜ್ಜಿ ಕಿಚಾಯಿಸಿದಳು.

"ಒಡೆದ್ರೆ ನಾನೇ ಜೋಡಿಸಿ ಕೊಡ್ತೀನಿ ಅಜ್ಜಿ" ಅಂತ ಒಳಗಿನಿಂದ ನಗು ಬಂತು. ಸ್ವಲ್ಪ ಹೊತ್ತಿನ ಮೇಲೆ ಅವನೇ ಮತ್ತೆ ಕೂಗಿದ. "ಅಜ್ಜಿ, ಈ ಪೈಪು ಗೋಡೆಯೊಳಗೇ ತೂತಾಗಿದೆ. ಆಚೆ ಬದಿ ನಿಮ್ಮ ಬೀರು ಇದೆಯಲ್ಲ, ಅದರ ಹಿಂದೆ ಗೋಡೆ ನೆನೆದಿರುತ್ತೆ ನೋಡಿ."

"ಆಮೇಲೆ ನೋಡಿದ್ರಾಯ್ತು" ಅಂದಳು ಅಜ್ಜಿ.

ರೇಡಿಯೊ ದಿಂಬಿನ ಚೀಲಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಬಡಿಯುತ್ತಿದ್ದಳು. ಬಡಿದಾಗಲೆಲ್ಲ ಬೂದಿಯಂಥ ಧೂಳು ಹಾರುತ್ತಿತ್ತು. "ಅಜ್ಜಿ ನೋಡು, ಮೋಡ! ಅಜ್ಜಿ ನೋಡು, ಇದು ಇನ್ನೂ ದೊಡ್ಡ ಮೋಡ!" ಅಂತ ಕುಣಿಯುತ್ತಿದ್ದಳು. ಅರಳೆಯ ರಾಶಿಯ ಮೇಲೆ ಬಿದ್ದು ಹೊರಳಿದಳು. ನಕ್ಕಳು. ನಗುತ್ತಾ ನಗುತ್ತಾ ಕೆಮ್ಮಿದಳು.

ಅಜ್ಜಿ ತಲೆ ಎತ್ತಲಿಲ್ಲ. ಕೆಮ್ಮು ಮುಂದುವರಿಯಿತು. ಅಜ್ಜಿ ಸೂಜಿಗೆ ದಾರ ಪೋಣಿಸುತ್ತಾ, "ಸಾಕು ಕುಣಿದದ್ದು, ಬಾ ಬಿಸಿನೀರು ಕುಡಿ" ಅಂದಳು. ಉತ್ತರ ಬರಲಿಲ್ಲ. ಅಜ್ಜಿಗೆ ಏನೋ ಕಸಿವಿಸಿಯಾಯಿತು. ಆ ಕೋಣೆಯಲ್ಲಿ ಏನೋ ಕಡಿಮೆಯಾಗಿತ್ತು. ಒಂದು ಗಳಿಗೆ ಬೇಕಾಯಿತು ಅವಳಿಗೆ ಅದು ಏನು ಅಂತ ತಿಳಿಯಲು.

ಮಗು ಮಾತಾಡುತ್ತಿರಲಿಲ್ಲ.

ತಿರುಗಿ ನೋಡಿದರೆ ರೇಡಿಯೊ ನೆಲದ ಮೇಲೆ ಮುಂದಕ್ಕೆ ಬಗ್ಗಿ ಕೂತಿದ್ದಳು, ಎರಡೂ ಕೈ ಮೊಣಕಾಲಿಗೆ ಊರಿ. ಭುಜ ಮೇಲೆ ಕೆಳಗೆ ಆಡುತ್ತಿತ್ತು. ಪ್ರತಿ ಉಸಿರಿಗೂ ಕತ್ತಿನ ಬುಡದಲ್ಲಿ ಗುಳಿ ಬೀಳುತ್ತಿತ್ತು, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿತ್ತು.

"ಏನಾಯ್ತೇ? ಏನಾಯ್ತೇ ಕಂದ?"

"ಅಜ್ಜಿ... ಉಸಿ..." ಅಂದಳು ಮಗು. ಮುಂದಿನ ಅಕ್ಷರಕ್ಕೆ ಉಸಿರು ಸಾಲಲಿಲ್ಲ.

ಅರವತ್ತು ವರ್ಷ ಹಿಂದಿನ ಒಂದು ಕೋಣೆ ಅಜ್ಜಿಯ ಕಣ್ಣ ಮುಂದೆ ಬಂದು ನಿಂತಿತು. ಆಗ ಅವಳಿಗೆ ಒಂಬತ್ತು ವರ್ಷ, ಅವಳ ತಂಗಿಗೆ ಐದು. ಒಲೆಯ ಹೊಗೆ ತುಂಬಿದ ಕೋಣೆ. ಗಾಳಿ ತಾಗಬಾರದು ಅಂತ ದೊಡ್ಡವರು ಕಿಟಕಿ ಮುಚ್ಚಿ, ಕಂಬಳಿ ಹೊದಿಸಿದ್ದರು. ತಂಗಿ ಹೀಗೇ ಕೈ ಊರಿ ಕೂತಿದ್ದಳು. ಹೀಗೇ ಕತ್ತಿನಲ್ಲಿ ಗುಳಿ ಬೀಳುತ್ತಿತ್ತು. ಉಬ್ಬಸ ಅಂದಿದ್ದರು ಯಾರೋ. ಸಾಯಂಕಾಲದ ಹೊತ್ತಿಗೆ ತಂಗಿಯ ಕೈ ಅವಳ ಕೈಯಲ್ಲೇ ತಣ್ಣಗಾಗಿತ್ತು. ಅಸ್ತಮಾ ಅಂದರೆ ಸಾವು ಅಂತ ಅವತ್ತೇ ಅಜ್ಜಿಯ ಎದೆಯಲ್ಲಿ ಬರೆದುಹೋಗಿತ್ತು. ಆ ಹೆಸರನ್ನೇ ಮನೆಯೊಳಗೆ ಬಿಟ್ಟುಕೊಳ್ಳದಿದ್ದರೆ ಕಾಯಿಲೆಯೂ ಬರುವುದಿಲ್ಲ ಅಂತ ಅವಳು ಇಷ್ಟು ದಿನ ನಂಬಿದ್ದಳು.

"ನೀಲಿ..." ಅಂದಳು ಮಗು, ಬಾಗಿಲ ಪಕ್ಕದ ಚೀಲದ ಕಡೆ ಬೆರಳು ತೋರಿಸಿ.

ನೀಲಿ ಪಂಪು ಚೀಲದಲ್ಲಿ ಇರಲಿಲ್ಲ. ಎಲ್ಲಿದೆ ಅನ್ನುವುದು ಈ ಪ್ರಪಂಚದಲ್ಲಿ ಅಜ್ಜಿಯೊಬ್ಬಳಿಗೇ ಗೊತ್ತಿತ್ತು. ಸ್ಟೂಲು ಎಳೆದಳು. ಹತ್ತಿದಳು. ಬೀರುವಿನ ನೆತ್ತಿಯ ಮೇಲೆ ಕೈ ಆಡಿಸಿದರೆ ಡಬ್ಬಿ ಬೆರಳ ತುದಿಗೆ ತಾಗಿ ಇನ್ನಷ್ಟು ಹಿಂದಕ್ಕೆ ಜಾರಿತು. ಹಿಂದಿನಿಂದ ಮಗುವಿನ ಉಸಿರು ಗೊರಗೊರ ಕೇಳುತ್ತಿತ್ತು.

"ಅಣ್ಣಾ! ಪ್ಲಂಬರಣ್ಣಾ! ಬಾರಪ್ಪಾ! ನನ್ನ ಮಗು!"

ಅಜ್ಜಿ ಕೂಗಿದ ಕೂಗಿಗೆ ಅವನು ಸ್ಪ್ಯಾನರ್ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದ. ಬಾಗಿಲಲ್ಲಿ ನಿಂತು ಒಂದು ಸಲ ಮಗುವನ್ನು ನೋಡಿದ, ಒಂದು ಸಲ ಕೋಣೆಯಲ್ಲಿ ತೇಲುವ ಧೂಳನ್ನು ನೋಡಿದ.

"ಅಸ್ತಮಾ ಇದೆಯಾ ಮಗೂಗೆ?"

ಅಜ್ಜಿಗೆ ಆ ಮಾತಿಗೆ ಹೂಂ ಅನ್ನಲೇಬೇಕಾಯಿತು. "ಹೂಂ. ಇದೆ."

"ಪಂಪು ಎಲ್ಲಿ?"

"ಮೇಲಿದೆ. ಹಿಂದಕ್ಕೆ ಹೋಯ್ತು. ಎಟುಕ್ತಿಲ್ಲ."

ಅವನು ಸ್ಟೂಲಿಲ್ಲದೆಯೇ ಕೈ ಚಾಚಿ ಬೀರುವನ್ನು ಒಂದು ಬದಿಗೆ ಜಗ್ಗಿದ. ಡಬ್ಬಿ ಕೈಗೆ ಬಂತು. ಮಗುವನ್ನು ಮಲಗಿಸಲು ಹೋದ ಅಜ್ಜಿಯನ್ನು ತಡೆದ. "ಮಲಗಿಸ್ಬೇಡಿ ಅಜ್ಜಿ! ಕೂತೇ ಇರ್ಲಿ. ಮೊದ್ಲು ಈ ಧೂಳಿಂದ ಆಚೆ ಕರ್ಕೊಂಡು ಹೋಗೋಣ." ಎತ್ತಿಕೊಂಡು ಹೋಗಿ ಮೆಟ್ಟಿಲಿನ ಬಳಿ, ಗಾಳಿ ಬರುವ ಕಡೆ ಕೂರಿಸಿದ. ಚೀಲದಲ್ಲಿದ್ದ ಕೊಳವೆ ಸಿಕ್ಕಿಸಿದ, ಪಂಪು ಕುಲುಕಿದ. "ಬಾಯಿ ಬಿಗಿಯಾಗಿ ಹಿಡ್ಕೊ ಪುಟ್ಟಿ. ಒಂದು ಒತ್ತಿದೀನಿ. ಈಗ ಉಸಿರಾಡು. ಒಂದು... ಎರಡು... ಮೂರು... ನಾಲ್ಕು... ಐದು. ಆಯ್ತು. ಮತ್ತೆ ಒಂದು."

ಹಾಗೆ ಬಿಡಿಬಿಡಿಯಾಗಿ ನಾಲ್ಕು ಸಲ. ಅಜ್ಜಿ ಮಗುವಿನ ಕೈ ಹಿಡಿದುಕೊಂಡಿದ್ದಳು. ಉಗುರಿನ ಬುಡ ನೀಲಿಗಟ್ಟಿದ್ದು ಕಣ್ಣಿಗೆ ಬಿತ್ತು. ಆಮೇಲೆ ನೋಡುವ ಧೈರ್ಯವಾಗಲಿಲ್ಲ.

"ಕಡಿಮೆ ಆಯ್ತೇನಪ್ಪಾ?"

"ಸಾಲ್ದು. ಮಾತಾಡೋಕೇ ಆಗ್ತಿಲ್ಲ ಅಂದ್ರೆ ಮನೇಲಿ ಕಾಯೋ ಹಾಗಿಲ್ಲ ಅಜ್ಜಿ. ನಡೀರಿ ಆಸ್ಪತ್ರೆಗೆ, ನನ್ನ ವ್ಯಾನ್ ಕೆಳಗೇ ಇದೆ."

ದಾರಿಯುದ್ದಕ್ಕೂ ಪೈಪುಗಳ ನಡುವೆ ಕೂತು, ಅವನು ಮುಂದಿನಿಂದ ಕೂಗಿ ಹೇಳಿದಂತೆ, ಅಜ್ಜಿಯೇ ಪಂಪು ಒತ್ತಿದಳು. ಇಪ್ಪತ್ತೆರಡು ದಿನ ಮುಟ್ಟಲೊಲ್ಲದ ವಸ್ತುವನ್ನು ಎರಡೂ ಕೈಯಲ್ಲಿ ಹಿಡಿದು, ಒಂದು, ಎರಡು, ಮೂರು ಅಂತ ಎಣಿಸಿದಳು. ಎಣಿಕೆಯ ನಡುವೆ ತಂಗಿಯ ಮುಖ ಬಂದು ಹೋಗುತ್ತಿತ್ತು.

ಆಸ್ಪತ್ರೆಯಲ್ಲಿ ಮಗುವಿನ ಮೂಗು ಬಾಯಿಗೆ ಮಾಸ್ಕ್ ಹಾಕಿ ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಅಜ್ಜಿ ಕೂತಳು. ಸೀರೆಯ ತುಂಬ ಅರಳೆಯ ಎಳೆ ಅಂಟಿತ್ತು. ಪ್ಲಂಬರ್ ಪಕ್ಕದಲ್ಲಿ ಕೂತು ಉಸಿರು ಬಿಟ್ಟ. ಅವನಿಗೂ ಏದುಸಿರು ಬರುತ್ತಿತ್ತು. ಸಾಮಾನಿನ ಚೀಲಕ್ಕೆ ಕೈ ಹಾಕಿ, ಅಳತೆ ಟೇಪಿನ ಪಕ್ಕದಿಂದ ಒಂದು ನೀಲಿ ಪಂಪು ತೆಗೆದು ತಾನೂ ಎರಡು ಸಲ ಎಳೆದುಕೊಂಡ.

ಅಜ್ಜಿ ಕಣ್ಣು ಬಿಟ್ಟು ನೋಡಿದಳು. "ನಿಂಗೂನಾ?"

"ಎಂಟು ವರ್ಷದವನಾಗಿದ್ದಾಗಿಂದ."

"ಇಷ್ಟು ಭಾರ ಎತ್ತೀಯ, ಮಹಡಿ ಹತ್ತೀಯ..."

"ಔಷಧಿ ಸರಿಯಾಗಿ ತಗೋತೀನಿ, ಅದಕ್ಕೇ ಎತ್ತೀನಿ. ಒಂದ್ಸಲ ಮದುವೆಯಾದ ಹೊಸದರಲ್ಲಿ ಮರ್ಯಾದೆಗಂಜಿ ಬಿಟ್ಟಿದ್ದೆ, ಹೆಂಡತಿ ಎದುರು ಪಂಪು ಎಳೆಯೋದು ಹೇಗೆ ಅಂತ. ಆಮೇಲೆ ಇದೇ ಆಸ್ಪತ್ರೇಲಿ ಆರು ದಿನ ಮಲಗಿದ್ದೆ."

ಅಜ್ಜಿಗೆ ಅಷ್ಟು ಹೊತ್ತು ಬಾರದ ಅಳು ಆಗ ಬಂತು.

ಆಸ್ಪತ್ರೆಯಿಂದ ಫೋನ್ ಹೋದ ಮೇಲೆ ಮಗ ಬಸ್ಸಿನ ಸಮವಸ್ತ್ರದಲ್ಲೇ ಓಡಿ ಬಂದ. ಸೊಸೆ ಇಸ್ತ್ರಿಯ ಶಾಖಕ್ಕೆ ಕೆಂಪಾದ ಮುಖದಲ್ಲಿ ಬಂದಳು. ನರ್ಸಮ್ಮ ಒಬ್ಬಳು ಕಾಗದ ಹಿಡಿದುಕೊಂಡು ಹೊರಗೆ ಬಂದು ಕೇಳಿದಳು. "ದಿನಾ ಹಾಕೋ ಔಷಧಿ ತಪ್ಪದೆ ಹಾಕ್ತಿದ್ರಾ?"

"ಹೌದು ಸಿಸ್ಟರ್, ಒಂದು ದಿನಾನೂ ತಪ್ಪಿಲ್ಲ" ಅಂದಳು ಸೊಸೆ.

ನರ್ಸಮ್ಮನ ಪೆನ್ನು ಕಾಗದಕ್ಕೆ ತಾಗಿತು. ಅವಳು ಬರೆದುಕೊಂಡು ಹೋಗಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಗ ಏನನ್ನುತ್ತಾನೆ, ಸೊಸೆ ಏನನ್ನುತ್ತಾಳೆ, ಇನ್ನು ಮಗುವನ್ನು ತನ್ನ ಹತ್ತಿರ ಬಿಡುತ್ತಾರೋ ಇಲ್ಲವೋ ಅಂತ ಅಜ್ಜಿಗೆ ಅಳುಕಾಯಿತು. ಆದರೂ ಎದ್ದು ನಿಂತಳು.

"ಸುಳ್ಳು ಬರೀಬೇಡಮ್ಮ. ನಾನು ಇಪ್ಪತ್ತೆರಡು ದಿನದಿಂದ ಕೊಟ್ಟಿಲ್ಲ. ಕೊಟ್ಟೆ ಅಂತ ಸುಳ್ಳು ಹೇಳ್ತಿದ್ದೆ."

ಮಗ, "ಅಮ್ಮಾ!" ಅಂತ ಒಂದೇ ಮಾತು ಅಂದು ಗೋಡೆಗೆ ಒರಗಿದ. ಸೊಸೆ ಮುಚ್ಚಿದ ಬಾಗಿಲ ಕಡೆ ಮುಖ ತಿರುಗಿಸಿಕೊಂಡಳು. ಅವಳು ಕೂಗಾಡಿದ್ದರೆ ಅಜ್ಜಿಗೆ ಎಷ್ಟೋ ವಾಸಿಯಾಗುತ್ತಿತ್ತು.

ನರ್ಸಮ್ಮನೂ ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು ಅಜ್ಜಿ. ಇಲ್ಲಾಂದಿದ್ರೆ ಔಷಧಿ ಕೊಟ್ರೂ ಹಿಡೀತಿಲ್ಲ ಅಂತ ಡಾಕ್ಟ್ರು ಇನ್ನೂ ಜೋರಿನದು ಬರೀತಿದ್ರು" ಅಂದಳು. ಆಮೇಲೆ ಅಜ್ಜಿಯ ಸೀರೆಗೆ ಅಂಟಿದ್ದ ಅರಳೆಯ ಎಳೆಯೊಂದನ್ನು ತೆಗೆದು ನೋಡಿದಳು. "ಇದೇನಿದು?"

ಮಗು ಎರಡು ದಿನ ಆಸ್ಪತ್ರೆಯಲ್ಲಿದ್ದಳು. ಆ ಎರಡು ದಿನವೂ ಸೊಸೆ ಅಜ್ಜಿಯೊಡನೆ ಮಾತಾಡಲಿಲ್ಲ. ಮೂರನೇ ದಿನ ಬೆಳಗ್ಗೆ ಮಗುವಿನ ಬಟ್ಟೆ ಮಡಿಸುತ್ತಾ, ತಲೆ ಎತ್ತದೆ ಹೇಳಿದಳು. "ಅತ್ತೆ, ದಿನಾ ಬೆಳಗ್ಗೆ ಮಗೂನ ನಿಮ್ಮ ಕೈಯಲ್ಲಿ ಬಿಟ್ಟು ಹೋಗ್ತಿದ್ದೆ. ಒಂದು ದಿನ ಕೂಡ ಹಿಂತಿರುಗಿ ನೋಡಿದವಳಲ್ಲ. ಇನ್ಮೇಲೆ ನಂಗೆ ಹೆದರಿಕೆ ಆಗುತ್ತೆ."

ಅಜ್ಜಿ ಹತ್ತಿರ ಹೋದಳು. ಅರವತ್ತು ವರ್ಷ ಯಾರಿಗೂ ಹೇಳದಿದ್ದ ತಂಗಿಯ ಕಥೆಯನ್ನು ಅವತ್ತು ಸೊಸೆಗೆ ಹೇಳಿದಳು. "ನಂಗೂ ಹೆದರಿಕೇನೇ ಕಣೇ. ಹೆದರಿಕೆಗೇ ನಾನು ಇಂಥ ಕೆಲಸ ಮಾಡಿದ್ದು. ಪಂಪು ಹೇಗೆ ಕೊಡೋದು ಅಂತ ಸಿಸ್ಟರ್ ಹತ್ರ ಸರಿಯಾಗಿ ಕಲೀತೀನಿ. ನಿನ್ನೆದುರಿಗೇ ಕಲೀತೀನಿ. ನಿಂಗೆ ಸಮಾಧಾನ ಆದ್ರೆ ಬಿಟ್ಟುಹೋಗು, ಇಲ್ದಿದ್ರೆ ಬೇಡ."

ಸೊಸೆ ಕಣ್ಣೊರೆಸಿಕೊಂಡು, "ಕಲೀರಿ" ಅಂದಳು.

ಮಗು ಸುಧಾರಿಸಿಕೊಂಡ ಮೇಲೆ ಅಲರ್ಜಿ ಪರೀಕ್ಷೆಯೂ ಆಯಿತು. ಮಗುವಿನ ಮುಂಗೈ ಮೇಲೆ ಅಲರ್ಜಿ ತರುವ ಒಂದೊಂದು ವಸ್ತುವಿನ ಸಾರವನ್ನು ಸಾಲಾಗಿ ಹನಿ ಇಟ್ಟು, ಸೂಜಿಯಲ್ಲಿ ಸೊಳ್ಳೆ ಕಚ್ಚಿದಷ್ಟು ಮೆಲ್ಲಗೆ ಚುಚ್ಚಿದರು. ಕಾಲು ಗಂಟೆ ಬಿಟ್ಟು ನೋಡಿದರೆ ಒಂದು ಕಡೆ ಅಂಗಿಯ ಗುಂಡಿಯಷ್ಟು ದಪ್ಪ ಊದಿಕೊಂಡಿತ್ತು. ಅದು ಧೂಳಿನ ಹುಳದ ಹನಿ ಇಟ್ಟ ಜಾಗ. ಪಕ್ಕದಲ್ಲಿ ಚಿಕ್ಕದೊಂದು, ಗೋಡೆಯ ಬೂಷ್ಟಿನದು. ಬೆಕ್ಕಿನ ಕೂದಲಿನ ಹನಿ ಇಟ್ಟ ಕಡೆ ಏನೂ ಇರಲಿಲ್ಲ.

"ಅಮ್ಮ, ಮೆಟ್ಟಿಲ ಮೇಲಿನ ಬೆಕ್ಕನ್ನ ಆರು ತಿಂಗಳಿಂದ ಪೊರಕೆ ಹಿಡ್ಕೊಂಡು ಓಡಿಸ್ತಿದ್ಯಲ್ಲ, ಹೋಗಿ ಕ್ಷಮೆ ಕೇಳು" ಅಂದ ಮಗ. ಅಷ್ಟು ದಿನದ ಮೇಲೆ ಎಲ್ಲರೂ ಒಟ್ಟಿಗೆ ನಕ್ಕರು.

ವಾರ ಕಳೆದು ನರ್ಸಮ್ಮ ಮನೆ ನೋಡಲು ಬಂದಳು. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು, ಪೊಲೀಸರು ಬಂದ ಮನೆಯವಳ ಹಾಗೆ. ನರ್ಸಮ್ಮ ಮೊದಲು ಮಂಚದ ಕೆಳಗೆ ಬಗ್ಗಿ ನಾಲ್ಕು ಮೂಟೆ ನೋಡಿದಳು. ಅಜ್ಜಿಯ ದಿಂಬು ಎತ್ತಿ ಮೂಸಿದಳು. ಮಗನ ಕೈಯಲ್ಲಿ ಬೀರುವನ್ನು ಪೂರ್ತಿ ಮುಂದಕ್ಕೆ ಎಳೆಸಿದಳು. ಹಿಂದಿನ ಗೋಡೆ ಆಳೆತ್ತರಕ್ಕೆ ಕಪ್ಪಗೆ ಬೂಷ್ಟು ಹಿಡಿದು ಕೂತಿತ್ತು, ಕರಡಿಯ ಚರ್ಮದ ಹಾಗೆ. ಆ ಗೋಡೆಗೆ ತಲೆ ಹಾಕಿಯೇ ಮಗು ಮಲಗುತ್ತಿದ್ದದ್ದು.

"ಮಗು ಬೇರೆ ಕಡೆ ಹೋದಾಗ ಹೇಗಿರ್ತಾಳೆ?" ನರ್ಸಮ್ಮ ಕೇಳಿದಳು.

"ಹೋದ ರಜೇಲಿ ಚಿಕ್ಕಮ್ಮನ ಮನೇಲಿ ಹತ್ತು ದಿನ ಇದ್ಲು. ಒಂದ್ಸಲಾನೂ ಕೆಮ್ಮಲಿಲ್ವಂತೆ. ಇಲ್ಲಿಗೆ ಬಂದ ಮಾರನೇ ಬೆಳಗ್ಗೆ ಶುರು" ಅಂದಳು ಸೊಸೆ.

"ನೋಡಿದ್ರಾ? ಮನೇನೇ ಹೇಳ್ತಾ ಇತ್ತು." ನರ್ಸಮ್ಮ ಮಂಚದ ಮೇಲೆ ಕೂತಳು. "ಅಜ್ಜಿ, ನಮ್ಮ ಮೈಯಿಂದ ದಿನಾ ಚರ್ಮದ ಪುಡಿ ಉದುರುತ್ತೆ. ಅದನ್ನ ತಿಂದು ಬದುಕೋ ಹುಳ ಹಾಸಿಗೆ ದಿಂಬಿನಲ್ಲಿ ಇರುತ್ತೆ. ಕಣ್ಣಿಗೆ ಕಾಣಲ್ಲ, ಕಚ್ಚಲ್ಲ. ಅದರ ಹಿಕ್ಕೆ ಧೂಳಿನ ಜೊತೆ ಉಸಿರಲ್ಲಿ ಸೇರುತ್ತೆ. ನಿಮಗೆ ಅದು ಏನೂ ಮಾಡಲ್ಲ. ಅಲರ್ಜಿ ಇರೋ ಮಗೂಗೆ ಉಸಿರಿನ ದಾರಿ ಒಳಗೇ ಊದಿಕೊಳ್ಳುತ್ತೆ, ಕಿರಿದಾಗುತ್ತೆ. ಆ ಸಿಳ್ಳೆ ಬರೋದು ಅದಕ್ಕೇ."

ಅಜ್ಜಿ ತನ್ನ ದಿಂಬು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. "ಹಾಗಾದ್ರೆ... ನನ್ನ ಹಾಸಿಗೇನೇ ಅವಳಿಗೆ ವಿಷ ಆಯ್ತಾ? ನನ್ನ ಪಕ್ಕದಲ್ಲಿ ಮಲಗಿಸ್ಕೊಂಡು ನಾನೇ..."

"ಹಾಗನ್ಬೇಡಿ. ಎಷ್ಟು ದೊಡ್ಡವರ ಮನೆಯ ಹಾಸಿಗೇಲೂ ಆ ಹುಳ ಇರುತ್ತೆ. ಇದು ಕೊಳಕಿನ ಮಾತಲ್ಲ, ನಿಮ್ಮ ತಪ್ಪೂ ಅಲ್ಲ. ಅಲರ್ಜಿಯ ಮೈ ಅವಳು ಹುಟ್ಟುತ್ತಲೇ ತಂದಿದ್ದಿರಬಹುದು. ಗೊತ್ತಾದ ಮೇಲೆ ಏನು ಮಾಡ್ತೀವಿ ಅನ್ನೋದು ನಮ್ಮ ಕೈಲಿದೆ." ಆಮೇಲೆ ಮಗನ ಕಡೆ ತಿರುಗಿದಳು. "ನೀವು ಸಿಗರೇಟು ಸೇದ್ತೀರಾ?"

"ಮನೇಲಿ ಸೇದಲ್ಲ ಸಿಸ್ಟರ್. ಆಚೆ ಮೆಟ್ಟಿಲ ಹತ್ರ."

"ಅಂಗಿ ಆಚೆ ಬಿಟ್ಟು ಬರ್ತೀರಾ? ಕೂದಲು? ಹೊಗೆ ನಿಮ್ಮ ಮೈಮೇಲೆ ಕೂತ್ಕೊಂಡು ಒಳಗೆ ಬರುತ್ತೆ. ಮಗು ಬಂದು ಅಪ್ಪಿಕೊಳ್ಳೋದು ಆ ಅಂಗೀನೇ ಅಲ್ವಾ?"

ಮಗ ಜೇಬಿನ ಮೇಲೆ ಕೈ ಇಟ್ಟುಕೊಂಡ. ಆ ತಿಂಗಳಲ್ಲಿ ಎರಡು ಸಲ ಬಿಟ್ಟು ಎರಡು ಸಲ ಮತ್ತೆ ಹಿಡಿದ. ಮೂರನೇ ಸಲ ಆಸ್ಪತ್ರೆಯವರ ಸಹಾಯ ಪಡೆದು ಪೂರ್ತಿ ಬಿಟ್ಟ.

ಹಳೆಯ ಹಾಸಿಗೆಯನ್ನು ಬಿಚ್ಚುವ ಕೆಲಸವನ್ನು ಅಜ್ಜಿ ಬೇರೆ ಯಾರಿಗೂ ಕೊಡಲಿಲ್ಲ. ಮದುವೆಯಾದ ವರ್ಷ ತಾನೇ ತುಂಬಿ ಹೊಲಿದದ್ದು. ಮಗು ಶಾಲೆಗೆ ಹೋದ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ತಾರಸಿಗೆ ಎಳೆಸಿ, ಬಿಸಿಲಲ್ಲಿ ಕೂತು ಹೊಲಿಗೆ ಕತ್ತರಿಸಿದಳು. ಅರಳೆ ಕಪ್ಪುಗಟ್ಟಿ ಕಲ್ಲಾಗಿತ್ತು. ಒಂದು ಹಿಡಿ ಎತ್ತಿ ಕೊಡವಿದಳು. ಬಿಸಿಲಕೋಲಿನಲ್ಲಿ ಧೂಳು ಎದ್ದು ನಿಂತಿತು, ಇಳಿಯಲೇ ಇಲ್ಲ. ನಲವತ್ತು ವರ್ಷ ಇದೇ ಕೆಲಸ ಮಾಡಿದವಳು ಅವತ್ತು ಮೊದಲ ಸಲ ಅದನ್ನು ನೋಡಿ ಹೆದರಿದಳು. ಏಳು ವರ್ಷ ಮಗು ಇದರ ಮೇಲೆ ಮುಖ ಒತ್ತಿ ಮಲಗಿತ್ತಲ್ಲ ಅಂತ ಅಲ್ಲೇ ಕೂತು ಅತ್ತಳು.

ಮೂಟೆಗಳು ಹೋದವು. ದಿಂಬು ರಿಪೇರಿಗೆ ಅಜ್ಜಿ ಮೊದಲು ದುಡಿಯುತ್ತಿದ್ದ ಹಾಸಿಗೆ ಅಂಗಡಿಯ ಹಿಂದಿನ ಜಗುಲಿಯಲ್ಲಿ ಜಾಗ ಸಿಕ್ಕಿತು. ಕೆಲಸ ಮುಗಿಸಿ ಬಂದ ಅಜ್ಜಿ ಸ್ನಾನ ಮಾಡದೆ, ಬಟ್ಟೆ ಬದಲಾಯಿಸದೆ ಮಗುವನ್ನು ಮುಟ್ಟುತ್ತಿರಲಿಲ್ಲ. ಪ್ಲಂಬರ್ ಗೋಡೆ ಒಡೆದು ಪೈಪು ಬದಲಾಯಿಸಿದ. ಗೋಡೆ ಒಣಗಿಸಿ, ಬೂಷ್ಟು ಕೆರೆದು ತೊಳೆದು, ಸುಣ್ಣ ಹೊಡೆದರು. ಅಷ್ಟು ದಿನವೂ ಮಗು ಚಿಕ್ಕಮ್ಮನ ಮನೆಯಲ್ಲಿದ್ದಳು. ಬೀರು ಈಗ ಗೋಡೆಯಿಂದ ಒಂದು ಗೇಣು ಈಚೆಗೆ. ಮಗುವಿಗೆ ಬೇರೆ ಮಂಚ, ಹಾಸಿಗೆ ದಿಂಬಿಗೆ ಧೂಳಿನ ಹುಳ ದಾಟದ ಒತ್ತು ನೇಯ್ಗೆಯ ಗವಸು. ಹೊದಿಕೆಗಳನ್ನು ಸೊಸೆ ವಾರಕ್ಕೊಮ್ಮೆ ಕೈ ಇಡಲಾಗದಷ್ಟು ಬಿಸಿಯ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುತ್ತಾಳೆ. ಒಣ ಪೊರಕೆ ಬದಲು ಒದ್ದೆ ಬಟ್ಟೆಯಲ್ಲಿ ನೆಲ ಒರೆಸುತ್ತಾರೆ. ಸೊಳ್ಳೆಬತ್ತಿಯ ಹೊಗೆ ನಿಂತು ಸೊಳ್ಳೆಪರದೆ ಬಂತು.

ಬೇರೆ ಮಂಚದ ಮೊದಲ ದಿನ ರೇಡಿಯೊ, "ಅಜ್ಜಿ, ನನ್ನ ಮೇಲೆ ಕೋಪಾನಾ?" ಅಂತ ಕೇಳಿದಳು. ಅಜ್ಜಿ ಸ್ಟೂಲು ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತು, ಕೈ ಹಿಡಿದುಕೊಂಡೇ ಮಲಗಿಸಿದಳು.

ಕಾಯಿಲೆ ಮಾಯವಾಗಲಿಲ್ಲ. ನಾಲ್ಕು ತಿಂಗಳ ಮೇಲೆ ಮಗುವಿಗೆ ನೆಗಡಿಯಾಗಿ ಮತ್ತೆ ಸಿಳ್ಳೆ ಕೇಳಿಸಿತು. ಅಜ್ಜಿಯ ಎದೆ ಅವತ್ತಿನಷ್ಟೇ ಝಲ್ಲೆಂದಿತು. ಆದರೆ ಕೈ ನೇರವಾಗಿ ಬಾಗಿಲ ಪಕ್ಕದ ಚೀಲಕ್ಕೆ ಹೋಯಿತು. ಕೂರಿಸಿದಳು, ಕುಲುಕಿದಳು, ಒತ್ತಿದಳು, ಎಣಿಸಿದಳು. ಅರ್ಧ ಗಂಟೆಯಲ್ಲಿ ಉಸಿರು ಹದಕ್ಕೆ ಬಂತು. ಆಮೇಲೆ ಡಾಕ್ಟರಿಗೆ ತೋರಿಸಿಕೊಂಡು ಬಂದರು. ಸೊಸೆ ಈಗ ಬೆಳಗ್ಗೆ ಐದೂವರೆಗೆ ಹೊರಡುವಾಗ ಚೀಲದ ಕಡೆ ನೋಡುವುದಿಲ್ಲ. ಅಜ್ಜಿಯ ಕಡೆ ನೋಡಿ, "ಬರ್ತೀನಿ ಅತ್ತೆ" ಅಂದು ಹೋಗುತ್ತಾಳೆ.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಮನೆಯಲ್ಲಿ ಮಗು ನೋಡಿಕೊಳ್ಳುವ ಅಜ್ಜಿ ತಾತಂದಿರೇ, ನಿಮ್ಮ ಮಗುವೂ ಬೆಳಗಿನ ಹೊತ್ತು, ಓಡಿದಾಗ, ನಕ್ಕಾಗ ಕೆಮ್ಮುತ್ತದೆಯೇ? ಎದೆಯಲ್ಲಿ ಸಿಳ್ಳೆ ಕೇಳುತ್ತದೆಯೇ? ಬೇರೆ ಮನೆಗೆ ಹೋದಾಗ ಕಡಿಮೆಯಾಗುತ್ತದೆಯೇ? ಹೆದರಿ ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ. ದಿನದ ಔಷಧಿ ಕೊಟ್ಟಿದ್ದರೆ ಮಗು ಚೆನ್ನಾಗಿದ್ದಾಗಲೂ ಕೊಡಿ, ಅವರನ್ನು ಕೇಳದೆ ನಿಲ್ಲಿಸಬೇಡಿ. ಅದು ಚಟವಲ್ಲ. ಮನೆ ಎಷ್ಟೇ ಚೊಕ್ಕಟ ಮಾಡಿದರೂ ಔಷಧಿ ಬೇಕು, ಔಷಧಿ ಎಷ್ಟೇ ಕೊಟ್ಟರೂ ಮನೆಯ ಧೂಳು, ಹೊಗೆ, ತೇವ ಕಡಿಮೆಯಾಗಬೇಕು. ಎಲ್ಲ ಮಕ್ಕಳಿಗೂ ಒಂದೇ ಅಲರ್ಜಿ ಇರುವುದಿಲ್ಲ, ನಿಮ್ಮ ಮಗುವಿನದು ಯಾವುದು ಅಂತ ಕೇಳಿ ತಿಳಿಯಿರಿ. ಮಾತಾಡಲಾಗದಷ್ಟು ಉಸಿರು ಕಟ್ಟಿದರೆ, ಪಕ್ಕೆ ಒಳಗೆ ಎಳೆದುಕೊಂಡರೆ, ತುಟಿ ಉಗುರು ನೀಲಿಯಾದರೆ, ತುರ್ತಿನ ಪಂಪು ಕೊಡುತ್ತಲೇ ಆಸ್ಪತ್ರೆಗೆ ಓಡಿ. ಒಂದು ನಿಮಿಷವೂ ಕಾಯಬೇಡಿ.

ಈಗ ಈ ಹಾಳೆಯನ್ನು ಪಕ್ಕಕ್ಕಿಡಿ. ಎದ್ದು ಹೋಗಿ ನಿಮ್ಮ ಮಗು ಮಲಗುವ ಜಾಗದ ಗೋಡೆ ಮುಟ್ಟಿ ನೋಡಿ, ಒದ್ದೆ ಇದೆಯಾ. ದಿಂಬು ಎತ್ತಿ, ಬಾಗಿಲಾಚೆ ಬಿಸಿಲಿಗೆ ಹಿಡಿದು, ಒಂದು ಸಲ ಕೊಡವಿ ನೋಡಿ.